ಪಾವಣೆ ನಾಲ್ಕು ಕಿಲೋ ಉಳ್ಳಾಗಡ್ಡಿ: ಸಂತೆಯ ಲೆಕ್ಕ, ಸಾಲಿಯ ಲೆಕ್ಕ

ಬಸವನ ಬಾಗೇವಾಡಿಯ ಸಂತೆಯಲ್ಲಿ ಉಳ್ಳಾಗಡ್ಡಿ ಕಿಲೋಗೆ 48 ರೂಪಾಯಿ ಅಂದುಕೊಳ್ಳಿ. ಗಿರಾಕಿ ಪಾವಣೆ ನಾಲ್ಕು ಕಿಲೋ ತೂಗಿಸುತ್ತಾನೆ. ಮಾರುವ ಮುದುಕಿ ತಕ್ಕಡಿ ಇಳಿಸುವ ಮೊದಲೇ ‘ನೂರಾ ಎಂಬತ್ತು ಕೊಡಪಾ’ ಅನ್ನುತ್ತಾಳೆ. ಇದೇ ಲೆಕ್ಕವನ್ನು ಏಳನೇ ತರಗತಿಯ ಹುಡುಗನಿಗೆ ಕೊಟ್ಟರೆ ಅವನು 3.75 ಬರೆದು ಅದರ ಕೆಳಗೆ 48 ಬರೆಯುತ್ತಾನೆ. ಎಂಟೈದಲೆ ನಲವತ್ತು, ಸೊನ್ನೆ ಬರೆದು ಕೈಯಲ್ಲಿ ನಾಲ್ಕು. ಎಂಟೇಳಲೆ ಐವತ್ತಾರು, ನಾಲ್ಕು ಕೂಡಿ ಅರವತ್ತು. ಹೀಗೆ ಎರಡು ಸಾಲು ಬರೆದು, ಕೂಡಿಸಿ, 18000 ತಂದು, ಕೊನೆಗೆ ಬಿಂದುವನ್ನು ಎಲ್ಲಿಡಬೇಕೆಂದು ನೆನಪಿಸಿಕೊಳ್ಳುತ್ತಾನೆ. ಒಂದು ಮನೆ ಆಚೀಚೆ ಆದರೆ ಉತ್ತರ 18 ಆಗುತ್ತದೆ, ಇಲ್ಲವೇ 1800. ಹಾಳೆಯ ಮೇಲಿನ ಯಾವ ಅಂಕಿಯೂ ಅವನನ್ನು ತಡೆಯುವುದಿಲ್ಲ.

ಮುದುಕಿ ಮಾಡಿದ್ದು ಇಷ್ಟೇ. ನಾಲ್ಕು ಕಿಲೋಗೆ 192. ಪಾವ ಕಿಲೋಗೆ 12. ಅದನ್ನು ತೆಗೆದರೆ 180. ಆಕೆಯ ಲೆಕ್ಕ ಹತ್ತು ಪಟ್ಟು ತಪ್ಪುವುದು ಸಾಧ್ಯವೇ ಇಲ್ಲ, ಏಕೆಂದರೆ ಅವಳ ಮನಸ್ಸಿನಲ್ಲಿರುವ ಪ್ರತಿ ಸಂಖ್ಯೆಗೂ ತೂಕವಿದೆ.

ಮಕ್ಕಳಿಗೆ ಬಾಯಿಲೆಕ್ಕ ಕಲಿಸಬೇಕು, ಒಂದೇ ಲೆಕ್ಕವನ್ನು ನಾಲ್ಕಾರು ಬಗೆಯಲ್ಲಿ ಒಡೆದು ನೋಡುವುದನ್ನು ಕಲಿಸಬೇಕು ಎಂಬ ಮಾತು ಈಗ ಶಿಕ್ಷಕರ ತರಬೇತಿಗಳಲ್ಲಿ ಕೇಳಿಬರುತ್ತಿದೆ. ಅದನ್ನು ಹೇಳುವವರೂ ವಿರೋಧಿಸುವವರೂ ಒಂದು ವಿಷಯದಲ್ಲಿ ಒಪ್ಪುತ್ತಾರೆ: ಒಂದರ ಕೆಳಗೊಂದು ಬರೆದು, ಬಲದಿಂದ ಎಡಕ್ಕೆ ಬಂದು, ದಶಕ ಏರಿಸಿ ಮಾಡುವುದು ಹಳೆಯ ಪದ್ಧತಿ, ಒಡೆದು ಮಾಡುವುದು ಹೊಸದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಮಟ್ಟಿಗಾದರೂ ಇದು ತಲೆಕೆಳಗಾದ ಮಾತು. ಈ ನೆಲದಲ್ಲಿ ಹಳೆಯದು ಬಾಯಿಲೆಕ್ಕವೇ. ಕಾಗದ ಅಗ್ಗವಾಗಿ, ಪಾಟಿ ಮನೆಮನೆಗೆ ಬಂದ ಮೇಲೆ ಬೇರೂರಿದ್ದು ಒಂದರ ಕೆಳಗೊಂದು ಬರೆಯುವ ಸಾಲಿನ ಲೆಕ್ಕ.

ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಂದಿನ ಕನ್ನಡ ಸಾಲಿಯ ಅಂಕಲಿಪಿಯಲ್ಲಿ ಎರಡರ ಮಗ್ಗಿ, ಮೂರರ ಮಗ್ಗಿಗಳ ಜೊತೆಗೆ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದಿಡಕಿ, ಅಡೀಚಕಿ ಇರುತ್ತಿದ್ದವು. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಗಳ ಮಗ್ಗಿಗಳು. ಸಂಜೆ ದೀಪ ಹಚ್ಚಿದ ಮೇಲೆ ಗೋಡೆಗೆ ಒರಗಿ ಇವನ್ನೆಲ್ಲ ರಾಗವಾಗಿ ಒಪ್ಪಿಸಬೇಕಿತ್ತು. ಊರಲ್ಲಿ ಎಂಬತ್ತು ದಾಟಿದವರಿದ್ದರೆ ಅವರಿಗೆ ಇನ್ನೂ ಬಾಯಲ್ಲಿರಬಹುದು. ಇಷ್ಟು ಭಿನ್ನರಾಶಿ ಮಗ್ಗಿಗಳೇಕೆ ಬೇಕಿದ್ದವು ಅಂದರೆ, ಆಗಿನ ದುಡ್ಡು ಮತ್ತು ತೂಕ ಹತ್ತರ ಲೆಕ್ಕದಲ್ಲಿ ಇರಲಿಲ್ಲ. ರೂಪಾಯಿಗೆ 16 ಆಣೆ, 192 ಪೈ. ಸೇರಿಗೆ 80 ತೊಲೆ. ಮಣಕ್ಕೆ 40 ಸೇರು. ಇವೆಲ್ಲ ಅರ್ಧ, ಕಾಲು, ಅರೆಕಾಲಾಗಿ ಸಲೀಸಾಗಿ ಒಡೆಯುವ ಸಂಖ್ಯೆಗಳು. 1957ರ ಏಪ್ರಿಲ್ 1ರಂದು ನೂರು ನಯೇಪೈಸೆಯ ರೂಪಾಯಿ ಬಂತು. ಹಿಂದೆಯೇ ಕಿಲೋ, ಲೀಟರು ಬಂದವು. ಪಾವಕಿ, ಸವಾಯಕಿಗಳು ಪಠ್ಯದಿಂದ ಜಾರಿಹೋದವು.

ಆ ಕಾಲವನ್ನು ಹೊಗಳಲು ಹೊರಟರೆ ಸುಳ್ಳಾಗುತ್ತದೆ. ಮಗ್ಗಿಯ ಜೊತೆಗೆ ಬೆತ್ತವೂ ಇತ್ತು. ಗಿಳಿಪಾಠ ಒಪ್ಪಿಸಿ, ಸವಾಯಕಿ ಎಲ್ಲಿ ಬಳಕೆಯಾಗುತ್ತದೆಂದು ತಿಳಿಯದೆಯೇ ಸಾಲಿ ಬಿಟ್ಟವರು ಎಷ್ಟೋ. ಹೆಣ್ಣುಮಕ್ಕಳಿಗೂ ದಲಿತರ ಮಕ್ಕಳಿಗೂ ಆ ಸಾಲಿಯ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಆದರೂ ಒಂದು ಕಣ್ಣು ಅದರಿಂದ ಬರುತ್ತಿತ್ತು: ಮೂರೂಮುಕ್ಕಾಲನ್ನು ‘ನಾಲ್ಕಕ್ಕೆ ಕಾಲು ಕಡಿಮೆ’ ಎಂದು ನೋಡುವ ಕಣ್ಣು.

ಇಂಡಿಯ ಲಿಂಬೆಯನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯನ್ನೇ ತನ್ನೂರಿಗೆ ತಂದುಕೊಂಡ ಕಾಯಿ ಅದು. ಸಾವಿರ ಕಾಯಿಯ ಚೀಲದಲ್ಲಿ 64 ಕೊಳೆತಿವೆ, ಉಳಿದದ್ದು ಸವ್ವಾ ರೂಪಾಯಿಗೊಂದರಂತೆ ಹೋಗಬೇಕು ಅಂತಿಟ್ಟುಕೊಳ್ಳಿ. 936ನ್ನು 1.25ರಿಂದ ಗುಣಿಸುವುದು ಬರೆಯುವ ದಾರಿ. ಸವಾಯಕಿ ಬಲ್ಲವನು 936ಕ್ಕೆ ಅದರದೇ ಕಾಲುಭಾಗ 234 ಸೇರಿಸಿ 1170 ಅನ್ನುತ್ತಾನೆ. ಕಾಲುಭಾಗ ತೆಗೆಯುವುದು ಕಷ್ಟವೆನಿಸಿದರೆ ಅರ್ಧದ ಅರ್ಧ: 468, 234. ಇನ್ನೊಬ್ಬ ಸಾವಿರ ಕಾಯಿಗೆ 1250 ಹಿಡಿದು, 64 ಕಾಯಿಯ 80 ರೂಪಾಯಿ ಕಳೆಯುತ್ತಾನೆ. ಉತ್ತರ ಒಂದೇ, ದಾರಿ ಎರಡು. ಯಾವುದು ಹಗುರವೆಂಬುದು ಸಂಖ್ಯೆಯ ಮುಖ ನೋಡಿ ತೀರ್ಮಾನವಾಗುತ್ತದೆ. ಹೊಂದಿಕೊಳ್ಳುವ ಬಾಯಿಲೆಕ್ಕವೆಂದರೆ ಈ ಮುಖ ನೋಡುವ ಅಭ್ಯಾಸವೇ ಹೊರತು ವೇಗವಲ್ಲ.

ಹೊಲದ ಲೆಕ್ಕ ಇನ್ನೂ ಸೊಗಸು. ಎಕರೆಗೆ 40 ಗುಂಟೆ. ಅಣ್ಣನ ಪಾಲಿಗೆ 2 ಎಕರೆ 25 ಗುಂಟೆ, ತಮ್ಮನ ಪಾಲಿಗೆ 1 ಎಕರೆ 30 ಗುಂಟೆ. ಸಾಲಿಯ ಹುಡುಗ ಕೂಡಿಸಿ ‘ಮೂರು ಎಕರೆ ಐವತ್ತೈದು ಗುಂಟೆ’ ಅನ್ನುತ್ತಾನೆ, ಅವನ ಅಜ್ಜ ನಗುತ್ತಾನೆ. ಅಜ್ಜ ಮೂವತ್ತಕ್ಕೆ ಹತ್ತು ಸೇರಿಸಿ ಎಕರೆ ತುಂಬಿಸುತ್ತಾನೆ, ಇಪ್ಪತ್ತೈದರಲ್ಲಿ ಹದಿನೈದು ಉಳಿಯಿತು, ನಾಲ್ಕು ಎಕರೆ ಹದಿನೈದು ಗುಂಟೆ. ಮೇಲಾಗಿ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಎಕರೆ, ಗುಂಟೆಗಳ ನಡುವೆ ಚುಕ್ಕೆ ಇಟ್ಟು 2.25 ಎಂಬಂತೆ ಅಚ್ಚಾಗಿರುತ್ತದೆ. ದಶಮಾಂಶ ಕಲಿತ ಮಗು ಅದನ್ನು ಎರಡೂಕಾಲು ಎಕರೆ ಎಂದು ಓದಿದರೆ ತಪ್ಪು ಮಗುವಿನದಲ್ಲ. ಒಂದು ಉತಾರದ ಝೆರಾಕ್ಸ್ ಪ್ರತಿ ಆರನೇ ತರಗತಿಗೆ ಎಂಥ ಪಾಠವಾಗಬಲ್ಲದು!

ಪುಸ್ತಕದ ಗಣಿತವೂ ಈ ಕಡೆಗೇ ಇತ್ತು. ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. ‘ಲೀಲಾವತಿ’ 1150ರ ‘ಸಿದ್ಧಾಂತ ಶಿರೋಮಣಿ’ಯ ಭಾಗ. ತಾನು ವಿಜ್ಜಡವಿಡದವನೆಂದು ಅವನು ಹೇಳಿಕೊಂಡದ್ದರಿಂದ ಅದು ವಿಜಯಪುರವೇ ಎಂದು ನಮ್ಮಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಅವನ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲು ಮಠ ಕಟ್ಟಿಸಿದ್ದನ್ನು ಹೇಳುವ 1207ರ ಶಾಸನ ಸಿಕ್ಕಿರುವುದು ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ. ಆದ್ದರಿಂದ ವಿದ್ವಾಂಸರ ಒಲವು ಆ ಕಡೆಗಿದೆ. ಊರಿನ ಜಗಳ ಇರಲಿ. ಅವನು ಗುಣಾಕಾರ ಕಲಿಸುವ ಬಗೆಯನ್ನು ನೋಡಬೇಕು. 135ನ್ನು 12ರಿಂದ ಗುಣಿಸು ಎಂದು ಹುಡುಗಿಯೊಬ್ಬಳಿಗೆ ಹೇಳುತ್ತಾನೆ, ಆಮೇಲೆ ಒಂದಲ್ಲ, ಐದು ದಾರಿ ತೋರಿಸುತ್ತಾನೆ. ನೇರವಾಗಿ ಹನ್ನೆರಡರಿಂದಲೇ ಗುಣಿಸಬಹುದು. ಹನ್ನೆರಡನ್ನು ಎಂಟು, ನಾಲ್ಕು ಎಂದು ಒಡೆದರೆ 1080ಕ್ಕೆ 540 ಕೂಡಿಸಬೇಕು. ಮೂರರಿಂದ ಗುಣಿಸಿ ಬಂದ 405ನ್ನು ಮತ್ತೆ ನಾಲ್ಕರಿಂದ ಗುಣಿಸಬಹುದು. ಸ್ಥಾನ ಬಿಡಿಸಿ ಹತ್ತು, ಎರಡು ಮಾಡಿದರೆ 1350, 270. ಇಲ್ಲವೇ ಹನ್ನೆರಡನ್ನು ಇಪ್ಪತ್ತಕ್ಕೆ ಏರಿಸಿ, 2700ರಿಂದ ಎಂಟರ ಪಾಲು 1080 ಇಳಿಸಬಹುದು. ಎಲ್ಲಕ್ಕೂ ಉತ್ತರ 1620. ಎಂಟುನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಪಠ್ಯಪುಸ್ತಕ ಇದು. ಇವತ್ತಿನ ಎಷ್ಟೋ ತರಗತಿಗಳಲ್ಲಿ ಎರಡನೆಯ ದಾರಿ ಹಿಡಿದ ಮಗುವಿಗೆ ‘ಹಿಂಗ ಅಲ್ಲ, ಸಾಲಿನ್ಯಾಗ ಮಾಡು’ ಎಂಬ ಮಾತು ಸಿಗುತ್ತದೆ.

ಅದಕ್ಕೂ ಮುನ್ನೂರು ವರ್ಷ ಮೊದಲು ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸಂಖ್ಯೆಗಳ ಹಾರ ಕಟ್ಟಿ ಆಟವಾಡಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಮೊದಲನೆಯದನ್ನು ಐದನೇ ತರಗತಿಯ ಮಗು ಕಾಗದವಿಲ್ಲದೆ ಮಾಡಬಲ್ಲದು: 13900ಕ್ಕೆ 1251 ಸೇರಿಸಿದರಾಯಿತು. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ, ತನ್ನ ಗ್ರಂಥವನ್ನು ‘ವ್ಯವಹಾರಗಣಿತ’ ಎಂದು ಕರೆದ. ಕೊಡುಕೊಳ್ಳುವ ಲೆಕ್ಕ ಬೇರೆ, ಪಂಡಿತರ ಲೆಕ್ಕ ಬೇರೆ ಎಂಬ ಗೋಡೆಯನ್ನು ಇವರು ಯಾರೂ ಎಬ್ಬಿಸಿರಲಿಲ್ಲ.

ಗೋಡೆ ಈಗ ಎಷ್ಟು ಎತ್ತರ ಬೆಳೆದಿದೆ ಎಂಬುದನ್ನು ಅಳೆದವರಿದ್ದಾರೆ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ತೆರೆಸಿನ್ಯಾ ನೂನೆಸ್ ಮತ್ತು ಸಂಗಡಿಗರು ಬೀದಿಯಲ್ಲಿ ಮಾರುವ ಐವರು ಮಕ್ಕಳನ್ನು ಗಮನಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ; ಅವೇ ಲೆಕ್ಕಗಳನ್ನು ಬರೀ ಅಂಕಿಯಾಗಿ ಕೊಟ್ಟಾಗ ನೂರಕ್ಕೆ 37. ಹನ್ನೆರಡು ವರ್ಷದ ಒಬ್ಬ ಹುಡುಗ 35ರ ದರದ ಹತ್ತು ತೆಂಗಿನಕಾಯಿಗೆ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನೂ ಮೂರಕ್ಕೆ 210 ಎಂದು ಮೂರುಮೂರು ಕಾಯಿಗಳ ಗುಂಪಿನಲ್ಲಿ ಏರುತ್ತಾ 350 ಮುಟ್ಟಿದ.

ಐವರು ಮಕ್ಕಳಿಂದ ಏನು ಹೇಳಲು ಬಂದೀತು ಎನ್ನುವವರಿಗೆ 2025ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆ ಉತ್ತರ ಕೊಟ್ಟಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮೊದಲಾದವರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಮಾತಾಡಿಸಿದ್ದರು. ಬಹುಪಾಲು ಎಲ್ಲರೂ ಕೆಲಸದಲ್ಲಿ ಜಟಿಲವಾದ ಬಾಯಿಲೆಕ್ಕವನ್ನು ಸರಿಯಾಗಿ ಮಾಡುತ್ತಿದ್ದರು. ಅಷ್ಟೇ ಕಷ್ಟದ, ಅದಕ್ಕಿಂತ ಸುಲಭದ ಲೆಕ್ಕವನ್ನು ಸಾಲಿಯ ರೂಪದಲ್ಲಿ ಕೊಟ್ಟರೆ ಸೋಲುತ್ತಿದ್ದರು. ಹತ್ತಿರದ ಶಾಲೆಗಳ 471 ಮಕ್ಕಳದು ಇದಕ್ಕೆ ಉಲ್ಟಾ. ಬರೀ ಅಂಕಿಯ ಸರಳ ಲೆಕ್ಕ ಅವರಿಗೆ ಬರುತ್ತಿತ್ತು. ಆದರೆ ಮಾರುವ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರು ಬಿಡಿಸಿದ ಸಂತೆಯ ಲೆಕ್ಕ ಈ ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗಷ್ಟೇ ಬಂತು.

ಬಾಯಿಲೆಕ್ಕದ ಅಭಿಮಾನಿಗಳು ಈ ಅಧ್ಯಯನದ ಮೊದಲರ್ಧವನ್ನು ಮಾತ್ರ ಎತ್ತಿ ಹೇಳುತ್ತಾರೆ. ದುಡಿಯುವ ಮಗು ಜಾಣ, ಸಾಲಿ ದಡ್ಡ ಎಂದು. ಅದು ಅನ್ಯಾಯ. ಸಂತೆ ಒಂದು ಮಗುವನ್ನು ಸಂತೆಯಷ್ಟಕ್ಕೇ ನಿಲ್ಲಿಸುತ್ತದೆ. ಬೀಜಗಣಿತ ಸಂತೆಕಟ್ಟೆಯ ಮೇಲೆ ಸಿಗುವುದಿಲ್ಲ. ಮುದ್ದೇಬಿಹಾಳದ ತಾಂಡಾಗಳಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳು ದುಡ್ಡಿನ ಲೆಕ್ಕದಲ್ಲಿ ಚುರುಕಾಗಿರುವುದು ಸಂಭ್ರಮಿಸುವ ಸಂಗತಿಯೇನಲ್ಲ, ಅವರು ತರಗತಿಯಲ್ಲಿ ಇರಬೇಕಿತ್ತು. ಎರಡು ಲೆಕ್ಕಗಳೂ ಒಂದನ್ನೊಂದು ಗುರುತಿಸುವುದಿಲ್ಲ ಎಂಬುದೇ ಆ ಅಧ್ಯಯನದ ಸಾರ. ಪರಿಚಯ ಮಾಡಿಸಬೇಕಾದವರು ಮಾಸ್ತರು, ಅಕ್ಕೋರು.

ಇತ್ತ ಸಾಲಿಯ ಲೆಕ್ಕವೇ ಗಟ್ಟಿಯಾಗಿದೆಯೇ? 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯ ವರದಿಯಂತೆ ಗ್ರಾಮೀಣ ಭಾರತದ ಮೂರನೇ ತರಗತಿಯವರಲ್ಲಿ ಎರಡಂಕಿಯ ಕಳೆಯುವ ಲೆಕ್ಕ ಬರುವುದು ನೂರಕ್ಕೆ 33.7 ಮಕ್ಕಳಿಗೆ. ಐದನೇ ತರಗತಿಯಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ 30.7.

ಎಲ್ಲಿ ಎಡವುತ್ತಾರೆ? 500ರಿಂದ 367 ಕಳೆ ಅನ್ನಿ. ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಬಾಜೂದ ಮನೆಯಿಂದ ಕಡ ತರಬೇಕು, ಅಲ್ಲಿಯೂ ಸೊನ್ನೆ, ಅದರಾಚೆಯ ಐದಕ್ಕೆ ಹೋಗಬೇಕು. ದಾರಿ ಮರೆತ ಮಗು ದೊಡ್ಡದರಿಂದ ಸಣ್ಣದನ್ನು ಕಳೆದು 267 ಬರೆಯುತ್ತದೆ. ಇದು ಅಡ್ಡಾದಿಡ್ಡಿ ತಪ್ಪಲ್ಲ, ನಿಯಮ ಹಿಡಿದು ಮಾಡಿದ ತಪ್ಪು. ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ಇಂಥ ತಪ್ಪುಗಳನ್ನು ಜಾತಿವಾರು ವಿಂಗಡಿಸಿ, ಮಕ್ಕಳು ಎಡವುವುದರಲ್ಲೂ ಒಂದು ಕ್ರಮವಿದೆ ಎಂದು ತೋರಿಸಿದರು. ಅದೇ ಮಗುವನ್ನು ಕಿರಾಣಿ ಅಂಗಡಿಯಲ್ಲಿ ಕೂರಿಸಿ, 367ರ ಸಾಮಾನಿಗೆ ಐನೂರರ ನೋಟು ಕೊಟ್ಟು ನೋಡಿ. ‘ಮೂರು ಹಾಕಿದ್ರ ಎಪ್ಪತ್ತು, ಮೂವತ್ತು ಹಾಕಿದ್ರ ನಾಕನೂರು, ಮ್ಯಾಲೆ ನೂರು.’ ಚಿಲ್ಲರೆ 133. ಇಲ್ಲಿ ಕಡವೂ ಇಲ್ಲ, ಸೊನ್ನೆಯ ಭಯವೂ ಇಲ್ಲ, ಕಳೆಯುವ ಲೆಕ್ಕ ಕೂಡುವ ಲೆಕ್ಕವಾಗಿಬಿಟ್ಟಿದೆ.

ಕನ್ನಡದ ಎಣಿಕೆಯೂ ಬಾಯಿಲೆಕ್ಕದ ಪರವಾಗಿಯೇ ಇದೆ. ನಲವತ್ತೆಂಟು ಎನ್ನುವಾಗ ಮೊದಲು ಬರುವುದು ನಲವತ್ತು. 48ಕ್ಕೆ 37 ಕೂಡಿಸುವ ಮನಸ್ಸು ಸಹಜವಾಗಿ ನಲವತ್ತು, ಮೂವತ್ತು ಎಪ್ಪತ್ತು ಎಂದು ದೊಡ್ಡದರಿಂದ ಹೊರಡುತ್ತದೆ, ಅಥವಾ ಎರಡು ಸಾಲ ಪಡೆದು ಐವತ್ತಕ್ಕೆ ಮೂವತ್ತೈದು ಸೇರಿಸುತ್ತದೆ. ಬರೆಯುವ ಲೆಕ್ಕ ಬಿಡಿಯಿಂದ ಹೊರಡುತ್ತದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಕಾನ್‌ಸ್ಟನ್ಸ್ ಕಮೀ ಎರಡನೇ ತರಗತಿಯ ಮಕ್ಕಳಿಗೆ 7, 52, 186 ಇವುಗಳನ್ನು ಮನಸ್ಸಿನಲ್ಲೇ ಕೂಡಿಸಲು ಹೇಳಿದ್ದರು. ಸಾಲಿನ ಪದ್ಧತಿ ಕಲಿಯದೆ ತಮ್ಮದೇ ದಾರಿ ಕಂಡುಕೊಂಡ ತರಗತಿಯಲ್ಲಿ ನೂರಕ್ಕೆ 45 ಮಕ್ಕಳು 245 ಎಂದರು. ಆ ಪದ್ಧತಿ ಕಲಿತವರಲ್ಲಿ 12. ಕಲಿತವರ ತಪ್ಪು ಉತ್ತರಗಳು ಮೂವತ್ತರ ಒಳಗೂ ಇದ್ದವು, ಒಂಬತ್ತು ನೂರು ದಾಟಿಯೂ ಇದ್ದವು. ಕಮೀ ಇದರಿಂದ ನಾಲ್ಕನೇ ತರಗತಿಯವರೆಗೆ ಸಾಲಿನ ಲೆಕ್ಕ ಹಾನಿಕರವೆಂದೇ ವಾದಿಸಿದರು. ಅಷ್ಟು ದೂರ ಹೋಗಬೇಕಿಲ್ಲ. 4786ನ್ನು 359ರಿಂದ ಗುಣಿಸಬೇಕಾದಾಗ ಸಾಲಿನ ಲೆಕ್ಕ ಮಾಡಿದಷ್ಟು ಉಪಕಾರ ಬೇರಾವುದೂ ಮಾಡದು. ಅದು ಯಾವಾಗ ಬರಬೇಕು ಎಂಬುದಷ್ಟೇ ಪ್ರಶ್ನೆ. ಮಗುವಿಗೆ ಸಂಖ್ಯೆ ಒಡೆಯಲು ಬಂದ ಮೇಲೆ ಬಂದರೆ ಅದು ಸಲಕರಣೆ.

ಮಗ್ಗಿಯ ವಿಷಯದಲ್ಲಂತೂ ಬಾಯಿಪಾಠವೇ ಬೇಡವೆನ್ನುವ ಹೊಸಬರ ಉತ್ಸಾಹಕ್ಕೆ ಕಡಿವಾಣ ಬೇಕು. ಏಳೆಂಟಲೆ ಐವತ್ತಾರು ಬಾಯಲ್ಲಿಲ್ಲದವನಿಗೆ ಯಾವ ಸಂಖ್ಯೆಯನ್ನೂ ಒಡೆಯಲಾಗದು. 98ನ್ನು ಏಳರಿಂದ ಗುಣಿಸಲು 700ರಿಂದ 14 ಕಳೆಯುವುದು ಜಾಣತನ, ಆದರೆ ಏಳೆರಡಲೆ ಹದಿನಾಲ್ಕು ಗೊತ್ತಿದ್ದವನಿಗೆ ಮಾತ್ರ. ಮಗ್ಗಿ ಇರಲಿ, ಅದರ ಜೊತೆ ‘ಇದು ಬರ್ತದ, ಹಂಗಾದ್ರ ಮತ್ತೇನ್ ಬರ್ತದ?’ ಎಂಬ ಪ್ರಶ್ನೆಯೂ ಇರಲಿ.

ಈ ನಡುವೆ ವಿಜಯಪುರದಲ್ಲಿ ಬೇರೊಂದು ಬಾಯಿಲೆಕ್ಕದ ಮಾರುಕಟ್ಟೆ ಬೆಳೆದಿದೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ, ಕಿತ್ತೂರು ಪರೀಕ್ಷೆಗಳಿಗೆ ಕೋಚಿಂಗ್ ಕೊಡುವ ಬೋರ್ಡುಗಳು, ಅಬ್ಯಾಕಸ್, ‘ವೈದಿಕ ಗಣಿತ’. ನವೋದಯದ ಆರನೇ ತರಗತಿ ಪ್ರವೇಶಕ್ಕೆ 20 ಅಂಕಗಣಿತದ ಪ್ರಶ್ನೆಗಳಿಗೆ ಅರ್ಧ ಗಂಟೆ. ಹೆತ್ತವರ ಆತುರ ಅರ್ಥವಾಗುವಂಥದೇ. ವೈದಿಕ ಗಣಿತದ ಪುಸ್ತಕ ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರದು, ಅವರ ನಿಧನಾನಂತರ 1965ರಲ್ಲಿ ಅಚ್ಚಾದದ್ದು. ಅದರ ಸೂತ್ರಗಳು ವೇದಗಳಲ್ಲಿಲ್ಲ. ಸೂತ್ರಗಳು ಚೆಂದವಾಗಿಯೇ ಇವೆ, ಆದರೆ ಏಕೆ ಹೀಗೆ ಎಂದು ಕೇಳದೆ ಬಾಯಿಪಾಠ ಮಾಡಿಸಿದರೆ ಅವೂ ಇನ್ನೊಂದು ಸಾಲಿನ ಲೆಕ್ಕವೇ. ಬೆಂಗಳೂರಿನ ಶಕುಂತಲಾದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಮಾನವ ಮೆದುಳಿನ ಒಂದು ವಿಸ್ಮಯ. ತರಗತಿಗೆ ಅದು ಮಾದರಿಯಲ್ಲ. ಗಡಿಯಾರ ಹಿಡಿದು ನಿಂತ ಕೂಡಲೇ ನಿಧಾನವಾಗಿ ಯೋಚಿಸುವ ಮಗು ಬಾಯಿ ಮುಚ್ಚುತ್ತದೆ.

ಶಾಲೆಗಳ ಒಳಗೆ ರಾಜ್ಯದಲ್ಲಿ ಆಗಿರುವ ಕೆಲಸವೂ ಸಣ್ಣದಲ್ಲ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ರೂಪಿಸಿದ ‘ನಲಿಕಲಿ’ 2009ರ ಬಳಿಕ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಬೆಂಗಳೂರಿನ ಅಕ್ಷರ ಪ್ರತಿಷ್ಠಾನ ಸರ್ಕಾರದ ಜೊತೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ನಾಲ್ಕು, ಐದನೇ ತರಗತಿಗೆ ಒಂದು ಪೆಟ್ಟಿಗೆ ಕೊಟ್ಟಿತು: ಮಣಿಕಟ್ಟು, ಹತ್ತರ ಘನಗಳು, ಭಿನ್ನರಾಶಿ ಪಟ್ಟಿಗಳು, ಆಟದ ನೋಟುಗಳು. ಪೆಟ್ಟಿಗೆ ಬೀರುವಿನಲ್ಲಿ ಬೀಗದೊಳಗಿದ್ದರೆ ಕೆಲಸಕ್ಕೆ ಬಾರದು ಎಂಬುದನ್ನು ಯಾವ ಶಿಕ್ಷಕರಿಗೂ ಹೇಳಿಕೊಡಬೇಕಿಲ್ಲ.

ಸಂತೆಗೂ ಸಾಲಿಗೂ ನಡುವೆ ಸೇತುವೆ ಕಟ್ಟಲು ಸಾಮಾನು ಆಗಲೇ ಶಾಲೆಯಂಗಳದಲ್ಲಿದೆ. ಸರ್ಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’, ‘ಮೆಟ್ರಿಕ್ ಮೇಳ’ ನಡೆಯುತ್ತವೆ. ಮಕ್ಕಳು ಮೆಂತ್ಯ, ಬದನೆ, ಲಿಂಬೆ, ಸೇಂಗಾ ತಂದು ಮಾರುತ್ತಾರೆ, ಊರವರು ಕೊಳ್ಳುತ್ತಾರೆ, ಎಸ್‌ಡಿಎಂಸಿ ಅಧ್ಯಕ್ಷರು ಫೋಟೋ ತೆಗೆಸಿಕೊಳ್ಳುತ್ತಾರೆ. ಮರುದಿನ ಪಾಠ ಪುಸ್ತಕದ ನಿಗದಿತ ಪುಟಕ್ಕೆ ಮರಳುತ್ತದೆ. ಆ ಮರುದಿನವೇ ಚಿನ್ನ. ‘ನಿನ್ನೆ ಇಪ್ಪತ್ತೆಂಟರ ಸಾಮಾನಿಗೆ ನೂರರ ನೋಟು ಬಂದಾಗ ಚಿಲ್ಲರಿ ಹೆಂಗ ಎಣಿಸಿದಿ?’ ಎಂದು ಕೇಳಿ, ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಹಲಗೆಯ ಮೇಲೆ ಬರೆಯಬೇಕು: 28, 30, 100, ನಡುವೆ 2, 70. ಪಕ್ಕದಲ್ಲೇ ಸಾಲಿನ ಲೆಕ್ಕ. ಎರಡೂ 72 ಮುಟ್ಟಿದ್ದನ್ನು ಮಕ್ಕಳೇ ಕಾಣಬೇಕು. ಡಚ್ ತರಗತಿಗಳಲ್ಲಿ ಬಳಸುವ ಖಾಲಿ ಸಂಖ್ಯಾರೇಖೆ ಇದಕ್ಕೆ ಒಳ್ಳೆಯ ಗೆಳೆಯ. ಒಂದು ಗೆರೆ ಎಳೆದು ಮಗು ಹಾರಿದ ಹಾರಿಕೆಗಳನ್ನು ಗುರುತಿಸಿದರೆ ಸಾಕು. ಖರ್ಚು ಸುಣ್ಣದ ಬಳಪದ್ದು.

ಇನ್ನೊಂದು ವಿಧಾನ: ದಿನಕ್ಕೆ ಹತ್ತು ನಿಮಿಷ, ಒಂದೇ ಲೆಕ್ಕ. 25ನ್ನು 16ರಿಂದ ಗುಣಿಸಿ. ಒಬ್ಬಳು ಹತ್ತಕ್ಕೆ ಇನ್ನೂರೈವತ್ತು, ಆರಕ್ಕೆ ನೂರೈವತ್ತು ಎಂದಳು. ಒಬ್ಬ ನಾಲ್ಕು ಇಪ್ಪತ್ತೈದು ನೂರು, ಅಂಥ ನಾಲ್ಕು ಎಂದ. ಒಬ್ಬ 310 ಎಂದ. ಮೂರನೆಯವನಿಗೆ ‘ತಪ್ಪು’ ಎನ್ನದೆ ‘ಹೆಂಗ ಮಾಡಿದಿ ಹೇಳಪಾ’ ಎನ್ನುವುದು ಈ ವಿಧಾನದ ಅತಿ ಕಷ್ಟದ ಭಾಗ. ಅವನು ಹತ್ತಿಪ್ಪತ್ತೈದು ಮತ್ತು ಆರು ಹತ್ತು ಕೂಡಿಸಿರುತ್ತಾನೆ, ಹೇಳುತ್ತಾ ಹೇಳುತ್ತಾ ಅವನೇ ನಾಲಗೆ ಕಚ್ಚಿಕೊಳ್ಳುತ್ತಾನೆ. ಬಹುವರ್ಗದ ಶಾಲೆಯಲ್ಲಿ ಇದಕ್ಕೆ ಹೊತ್ತೆಲ್ಲಿ ಎಂಬ ಆಕ್ಷೇಪ ನಿಜವಾದದ್ದು. ಆದರೆ ಒಂದೇ ಕೋಣೆಯ ನಾಲ್ಕು, ಐದನೇ ತರಗತಿಗೆ ಒಂದೇ ಲೆಕ್ಕ ಕೇಳಬಹುದಾದ ಅಪರೂಪದ ಪಾಠವೂ ಇದೇ.

ಉಳಿದದ್ದು ಅಂಕದ ಪ್ರಶ್ನೆ. ಸಂಕಲನಾತ್ಮಕ ಪರೀಕ್ಷೆಯಲ್ಲಿ 500ರಿಂದ 367 ಕಳೆಯಲು ಹುಡುಗಿಯೊಬ್ಬಳು 3, 30, 100 ಎಂದು ಬರೆದು 133 ಎಂದರೆ ಪೂರ್ಣ ಅಂಕವೋ, ಕ್ರಮವಿಲ್ಲವೆಂದು ಅರ್ಧಕ್ಕೆ ಕತ್ತರಿಯೋ? ಹೆತ್ತವರು ಕೇಳುವುದು, ಮಕ್ಕಳು ಹೆದರುವುದು, ಶಿಕ್ಷಕರು ಹಿಂಜರಿಯುವುದು ಇಲ್ಲಿಯೇ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಬಾಯಿಮಾತಿನ ಪರೀಕ್ಷೆಗೆ ಈಗಲೂ ಜಾಗವಿದೆ. ಲಿಖಿತ ಉತ್ತರದ ವಿಷಯವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಶಿಕ್ಷಕರು ತಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಒಂದು ಮಧ್ಯಾಹ್ನ ಕೂತು ಇತ್ಯರ್ಥ ಮಾಡಿಕೊಳ್ಳಬಹುದು, ಹತ್ತಿಪ್ಪತ್ತು ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು.